ಸ್ಯಾಮ್ಯುಯೆಲ್ ಸ್ಟ್ರೀಟಿನ ಸಾಮಾಜಿ ದಿವೇಕರರು

ಜೋಗೇಶ್ವರಿಯಲ್ಲಿ ಹಾರ್ಬರ್ ಮಾರ್ಗದ ಗಾಡಿಯನ್ನೇರಿ ಬೋರಿಬಂದರದತ್ತ ಹೊರಟರೆ, ಕೊನೆಯ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲು ಮಸ್ಜಿದ್ ಸ್ಟೇಶನ್ ಬರುತ್ತದೆ. ಹೊಟೇಲಿಗೆ ಬೇಕಾದ ಮಸಾಲೆ ಸಾಮಾನು, ಒಣಹಣ್ಣುಗಳಿಗಾಗಿ ಆ ಪೇಟೆಗೆ ಹೋಗಿ ಬಂದವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಅಲ್ಲಿ ಕೈಗಾಡಿಗಳ ನೂಕುನುಗ್ಗಲಿನ ನಡುವೆ ಸ್ಯಾಮ್ಯುಯೆಲ್ ಸ್ಟ್ರೀಟ್ ಎಂಬೊಂದು ಬೀದಿಯುಂಟು. ಹೆಸರನ್ನು ಕೇಳಿದವರು ಅದು ಯಾರೋ ಆಂಗ್ಲ ಅಧಿಕಾರಿಯ ಹೆಸರಿರಬೇಕೆಂದು ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಆ ಸ್ಯಾಮ್ಯುಯೆಲನು ಆಂಗ್ಲನಲ್ಲ. ಮರಾಠಿಯನ್ನೇ ಮನೆಮಾತಾಗಿ ಉಳ್ಳ, ಕೊಂಕಣದ ಹಳ್ಳಿಯಿಂದ ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ಒಂದು ಮನೆತನದವನು, ಧರ್ಮದಿಂದ ಯೆಹೂದಿ. ನಮ್ಮ ಕನ್ನಡ ನಾಡಿನ ಸೆರೆಮನೆಯನ್ನು ಕಂಡು ಬಂದವನು. ಈ ನಗರದ ಮೊತ್ತಮೊದಲನೆಯ ಯೆಹೂದಿ ಪ್ರಾರ್ಥನಾಲಯವನ್ನು ಕಟ್ಟಿಸಿದ ಈ ಮಹನೀಯರ ವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಅವರ ಪೂರ್ಣ ಹೆಸರು ಸ್ಯಾಮ್ಯುಯೆಲ್ ಇಝೀಕಿಯೆಲ್ ದಿವೇಕರ್. ನೆರೆಹೊರೆಯವರ ಬಾಯಲ್ಲಿ ಅದು ಸಾಮಾಜಿ ಹಸಾಜಿ ಎಂದಾಗಿದ್ದಿತು. ದಿವೇ ಎಂಬುದು ಊರಿನ ಹೆಸರು. ಪೇಣದವರು ಪೇಣಕರ್, ರೋಹೆಯವರು ರೋಹೆಕರ್ ಆಗುವಂತೆ ಆ ಊರಿನವರು ದಿವೇಕರ್ ಆದರು. ಹೆಸರಿನ ಜೊತೆಗೆ ಊರಿನ ಹೆಸರನ್ನೂ ಹೊತ್ತು ತಿರುಗುವ ನಮ್ಮ ಕರಾವಳಿಯವರಿಗೆ ಇದು ಹೊಸತಲ್ಲ.

ಈ ಜನರನ್ನು ಬೆನೆ ಇಸ್ರೇಲರು, ಎಂದರೆ ಇಸ್ರೇಲನ ಮಕ್ಕಳು ಎಂದು ಕರೆಯುವರು. ಅತಿ ಪುರಾತನ ಕಾಲದಲ್ಲಿ ತಮ್ಮ ಪೂರ್ವಜರು ಏರಿ ಬಂದ ಹಡಗು ಆಲಿಬಾಗದ ಬಳಿ ನವಗಾಂವ್ ಎಂಬಲ್ಲಿ ಒಡೆದುಹೋಗಿ, ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಮಾತ್ರ ದಡ ಸೇರಿದರೆಂದು ಅವರ ಪರಂಪರೆ ಹೇಳುತ್ತದೆ. ಧರ್ಮಗ್ರಂಥಗಳು ಕಡಲ ಪಾಲಾದವು. ಕಾಲಕ್ರಮದಲ್ಲಿ ಹೀಬ್ರೂ ಭಾಷೆಯೂ ಮರೆತುಹೋಯಿತು. ಉಳಿದದ್ದು ದೇವನೊಬ್ಬನೇ ಎಂದು ಸಾರುವ ಶೆಮಾ ಎಂಬ ಪ್ರಾರ್ಥನೆ, ಗಂಡುಮಕ್ಕಳಿಗೆ ಮಾಡುವ ಸುನ್ನತಿ, ಆಹಾರದ ಕೆಲವು ನಿಯಮಗಳು, ಹಾಗೂ ವಾರಕ್ಕೊಂದು ದಿನದ ವಿಶ್ರಾಂತಿ. ಎಣ್ಣೆ ತೆಗೆಯುವುದು ಅವರ ಮುಖ್ಯ ಕಸುಬಾಗಿತ್ತು. ಏನೇ ನಷ್ಟವಾದರೂ ಶನಿವಾರ ಅವರು ಗಾಣ ಕಟ್ಟುತ್ತಿರಲಿಲ್ಲ. ಆದುದರಿಂದ ಊರ ಜನರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ವಾರದ ರಜೆಯೆಂಬುದು ಕಾನೂನಿನಿಂದ ತನಗೆ ದೊರೆತ ಹಕ್ಕೆಂದು ಬಲ್ಲ ಮುಂಬಯಿಯ ಹೊಟೇಲು ನೌಕರನಿಗೆ, ಯಾವ ಕಾನೂನಿನ ಬೆಂಬಲವೂ ಇಲ್ಲದೆ ಶತಮಾನಗಳ ಕಾಲ ಅದನ್ನು ಕಾಪಾಡಿಕೊಂಡ ಈ ಬಡ ಗಾಣಿಗರ ಸ್ಥೈರ್ಯವನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ.

1746ರ ಸುಮಾರಿಗೆ ದಿವೇಕರ್ ಮನೆತನದವರು ಮುಂಬಯಿಗೆ ಬಂದು ನೆಲೆಸಿದರು. ಈ ನಗರದಲ್ಲಿ ನೆಲೆಯೂರಿದ ಬೆನೆ ಇಸ್ರೇಲರಲ್ಲಿ ಅವರೇ ಮೊದಲಿಗರೆಂದು ಹೇಳಲಾಗುತ್ತದೆ. ಆಗ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಕೋಟೆ, ಬಂದರು, ಗೋದಿಗಳನ್ನು ಬೆಳೆಸುತ್ತಿದ್ದ ಕಾಲ. ಬಡಗಿಗಳೂ ಗಾರೆಯವರೂ ಸಿಪಾಯಿಗಳೂ ಅದಕ್ಕೆ ಬೇಕಾಗಿದ್ದರು. ಬೆನೆ ಇಸ್ರೇಲ್ ತರುಣರು ಹೆಚ್ಚಾಗಿ ಸೈನ್ಯಕ್ಕೆ ಸೇರಿದರು. ಸಾಮಾಜಿಯವರೂ ಅವರ ಸೋದರರೂ ಅದೇ ದಾರಿಯನ್ನು ಹಿಡಿದರು. ಸಾಮಾಜಿಯವರು ತಮ್ಮ ಸಾಹಸದಿಂದಲೂ ನಿಷ್ಠೆಯಿಂದಲೂ ಮೇಲೇರುತ್ತ ನೇಟಿವ್ ಕಮಾಂಡಂಟರ ಪದವಿಯನ್ನು ಪಡೆದರು. ಆ ದಿನಗಳಲ್ಲಿ ದೇಶೀಯನೊಬ್ಬನಿಗೆ ದೊರೆಯಬಹುದಾಗಿದ್ದ ಅತ್ಯುಚ್ಚ ಸ್ಥಾನವದು.

ಇನ್ನು ಕಥೆಯು ನಮ್ಮ ನಾಡಿಗೆ ಬರುತ್ತದೆ. 1780ರಲ್ಲಿ ಹೈದರ್ ಅಲಿಗೂ ಕಂಪೆನಿಗೂ ಎರಡನೆಯ ಬಾರಿ ಯುದ್ಧ ಹೊತ್ತಿಕೊಂಡಿತು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಮರುತಿಂಗಳು ಮುಂಬಯಿಯ ಸೈನ್ಯವು ಜನರಲ್ ಮ್ಯಾಥ್ಯೂಸನ ನಾಯಕತ್ವದಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದು, ಹೊಸಂಗಡಿಯ ಘಾಟಿಯನ್ನೇರಿ, ಬಿದನೂರನ್ನು ವಶಪಡಿಸಿಕೊಂಡಿತು. ಕುಂದಾಪುರದ ಕಡೆಯವರು ಇಂದಿಗೂ ಬಸ್ಸಿನಲ್ಲಿ ಹತ್ತಿಳಿಯುವ ದಾರಿಯದು. ಆದರೆ ಗೆಲವು ಬಹುಕಾಲ ನಿಲ್ಲಲಿಲ್ಲ. ಟೀಪು ಸುಲ್ತಾನನು ದೊಡ್ಡ ಸೇನೆಯೊಡನೆ ಬಂದು 1783ರ ಬೇಸಗೆಯಲ್ಲಿ ಬಿದನೂರನ್ನು ಮರಳಿ ಪಡೆದನು. ಸಾವಿರಾರು ಮಂದಿ ಸೆರೆಯಾದರು. ಮ್ಯಾಥ್ಯೂಸನು ಸೆರೆಯಲ್ಲೇ ಸತ್ತನು. ಅಲ್ಲಿಂದ ಟೀಪು ಘಾಟಿಯಿಳಿದು ಮಂಗಳೂರಿನ ಕೋಟೆಯನ್ನು ತಿಂಗಳುಗಟ್ಟಲೆ ಮುತ್ತಿದನು. 1784ರ ಮಾರ್ಚ್ 11ರಂದು ಅದೇ ಮಂಗಳೂರಿನಲ್ಲಿ ಸಂಧಿಯಾಗಿ ಯುದ್ಧ ಮುಗಿಯಿತು.

ಮೈಸೂರಿನೊಡನೆ ನಡೆದ ಈ ಹೋರಾಟದಲ್ಲಿ ಸಾಮಾಜಿ ದಿವೇಕರರು ಟೀಪುವಿನ ಕೈಗೆ ಸೆರೆಸಿಕ್ಕರು. ಅವರು ನಮ್ಮ ನೆಲಕ್ಕೆ ಅತಿಥಿಯಾಗಿ ಬಂದವರಲ್ಲ, ಪರಕೀಯರ ಸಂಬಳವನ್ನುಂಡು ಶಸ್ತ್ರ ಹಿಡಿದು ಬಂದವರು ಎಂಬುದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಹೊಟ್ಟೆಪಾಡು ಮನುಷ್ಯನನ್ನು ಎಲ್ಲೆಲ್ಲಿಗೆ ಒಯ್ಯುತ್ತದೆಂಬುದನ್ನು ಬಲ್ಲವರು ಅವರನ್ನು ನಿಂದಿಸಲಾರರು.

ಮುಂದೆ ನಡೆದುದನ್ನು ಬೆನೆ ಇಸ್ರೇಲರು ಹೀಗೆ ಹೇಳುತ್ತ ಬಂದಿದ್ದಾರೆ. ಸೆರೆಯಾಳುಗಳನ್ನು ವಿಚಾರಿಸುವಾಗ ಸಾಮಾಜಿಯವರು ತಮ್ಮ ಜಾತಿಯನ್ನು ಬೆನೆ ಇಸ್ರೇಲ್ ಎಂದು ತಿಳಿಸಿದರಂತೆ. ಆ ಮಾತು ಟೀಪುವಿನ ತಾಯಿಯ ಕಿವಿಗೆ ಬಿದ್ದಿತು. ಪವಿತ್ರ ಕುರಾನಿನಲ್ಲಿ ಆ ಹೆಸರನ್ನು ಎಷ್ಟೋ ಬಾರಿ ಓದಿಸಿ ಕೇಳಿದ್ದ ಆಕೆಯು, ಆ ಜನರಲ್ಲೊಬ್ಬರು ಕಣ್ಣೆದುರಿಗೆ ಇರುವುದನ್ನು ತಿಳಿದು ಅಚ್ಚರಿಗೊಂಡು, ಅವರ ಪ್ರಾಣವನ್ನು ಉಳಿಸಬೇಕೆಂದು ಮಗನನ್ನು ಬೇಡಿಕೊಂಡಳಂತೆ. ತಾಯಿಯ ಮಾತಿಗೆ ಮಗನು ಮನ್ನಣೆಯಿತ್ತನು. ಇದು ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಒಂದು ಸಮುದಾಯವು ತನ್ನ ಮೊದಲ ಮಂದಿರದ ಮೂಲವನ್ನು ನೆನೆಯುವಾಗ, ಅನ್ಯಧರ್ಮದ ಹೆಂಗಸೊಬ್ಬಳ ಕರುಣೆಯನ್ನು ಎರಡು ಶತಮಾನಗಳಿಗೂ ಮಿಕ್ಕಿ ಕೃತಜ್ಞತೆಯಿಂದ ಹೇಳಿಕೊಂಡು ಬಂದಿದೆಯೆಂಬುದು ಸಾಮಾನ್ಯ ವಿಷಯವಲ್ಲ.

ಸೆರೆಯಲ್ಲಿರುವಾಗ ದಿವೇಕರರು ಒಂದು ಹರಕೆ ಹೊತ್ತರು. ಬದುಕಿ ಮುಂಬಯಿಗೆ ಮರಳಿದರೆ ತಮ್ಮವರಿಗಾಗಿ ಒಂದು ಪ್ರಾರ್ಥನಾಲಯವನ್ನು ಕಟ್ಟಿಸುವೆನೆಂಬುದೇ ಆ ಹರಕೆ. ಸಂಕಟದಲ್ಲಿ ಹರಕೆ ಹೊರದವರಾರು? ಸಂಕಟ ಕಳೆದ ಮೇಲೆ ಅದು ಮನಸ್ಸಿನಿಂದ ಜಾರುವುದೂ ಲೋಕರೂಢಿಯೇ. ದಿವೇಕರರು ಮಾತ್ರ ಮರೆಯಲಿಲ್ಲ. ಮಂಗಳೂರಿನ ಸಂಧಿಯಾದ ಹನ್ನೆರಡು ವರ್ಷಗಳ ಬಳಿಕ, 1796ರಲ್ಲಿ, ಮಾಂಡವಿ ಪ್ರದೇಶದಲ್ಲಿ ಆ ಮಂದಿರವು ಎದ್ದು ನಿಂತಿತು. ಬೆನೆ ಇಸ್ರೇಲರು ಮುಂಬಯಿಗೆ ಬಂದು ಅಷ್ಟರಲ್ಲಿ ಅರ್ಧ ಶತಮಾನವೇ ಕಳೆದಿತ್ತು. ಅಲ್ಲಿಯವರೆಗೂ ಅವರ ಪ್ರಾರ್ಥನೆ, ಹಬ್ಬ, ಮದುವೆಗಳೆಲ್ಲ ಮನೆಗಳಲ್ಲಿಯೇ ನಡೆಯುತ್ತಿದ್ದವು.

ಯೆಹೂದಿ ಮಂದಿರದಲ್ಲಿ ಮೂರ್ತಿಯಿರುವುದಿಲ್ಲ. ಜೆರುಸಲೇಮಿನ ದಿಕ್ಕಿಗಿರುವ ಗೋಡೆಯಲ್ಲಿ, ಎಂದರೆ ಇಲ್ಲಿ ಪಡುವಣ ಗೋಡೆಯಲ್ಲಿ, ಒಂದು ಪವಿತ್ರ ಪೆಟ್ಟಿಗೆ. ಅದರೊಳಗೆ ಚರ್ಮಪತ್ರದ ಮೇಲೆ ಕೈಯಿಂದ ಬರೆದ ತೋರಾ ಎಂಬ ಧರ್ಮಗ್ರಂಥದ ಸುರುಳಿ. ನಡುವೆ ಅದನ್ನು ಓದುವ ವೇದಿಕೆ. ಇಷ್ಟಿದ್ದರೂ ಸಾಲದು. ವಯಸ್ಕರಾದ ಹತ್ತು ಮಂದಿ ಗಂಡಸರು ಕೂಡದೆ ಸಾಮೂಹಿಕ ಪ್ರಾರ್ಥನೆಯು ಅಲ್ಲಿ ಆರಂಭವಾಗುವಂತಿಲ್ಲ. ಹತ್ತು ಜನರ ಈ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಒಂಬತ್ತು ಮಂದಿ ಧನಿಕರೂ ಪಂಡಿತರೂ ಬಂದು ಕುಳಿತಿದ್ದರೂ ಹತ್ತನೆಯವನಿಗಾಗಿ ಕಾಯಬೇಕು. ಆ ಹತ್ತನೆಯವನು ಬಂದರಿನ ಕೂಲಿಯಾದರೂ ಆಗಬಹುದು. ತಂದೆಯನ್ನು ಕಳೆದುಕೊಂಡ ಮಗನು ಕದ್ದೀಶ್ ಎಂಬ ಪ್ರಾರ್ಥನೆಯನ್ನು ಹೇಳುವುದಕ್ಕೂ ಈ ಹತ್ತು ಜನರು ಬೇಕು. ಎಂದರೆ ಪರರ ದುಃಖದಲ್ಲಿ ಹೋಗಿ ಕುಳಿತುಕೊಳ್ಳುವುದು ಅಲ್ಲಿ ಔದಾರ್ಯವಲ್ಲ, ಕರ್ತವ್ಯ.

ಮಂದಿರದ ಆಡಳಿತವೂ ಜನರ ಕೈಯಲ್ಲಿಯೇ ಬೆಳೆಯಿತು. ಮುಖ್ಯಸ್ಥನಿಗೆ ಮುಕಾದಮನೆಂದೂ, ಹಣಕಾಸು ನೋಡುವವನಿಗೆ ಗಬ್ಬಾಯಿ ಎಂದೂ, ಪ್ರಾರ್ಥನೆ ನಡೆಸುವವನಿಗೆ ಹಜ್ಜಾನನೆಂದೂ, ಬಾಗಿಲು ತೆರೆದು ದೀಪ ಹಚ್ಚಿ ಎಲ್ಲವನ್ನೂ ಅಣಿಗೊಳಿಸುವವನಿಗೆ ಶಮಾಶನೆಂದೂ ಹೆಸರು. ಹಿರಿಯರೆಲ್ಲ ಕುಳಿತು ಕುಟುಂಬಗಳ ವ್ಯಾಜ್ಯವನ್ನು ಬಗೆಹರಿಸುತ್ತಿದ್ದರು. ಶುಭಕಾರ್ಯಗಳಲ್ಲಿಯೂ ಹರಕೆ ತೀರಿದಾಗಲೂ ಬೆನೆ ಇಸ್ರೇಲರು ಪ್ರವಾದಿ ಎಲಿಯಾಹುವನ್ನು ಸ್ಮರಿಸಿ ಮಲಿದಾ ಎಂಬ ಪ್ರಸಾದವನ್ನು ಹಂಚುತ್ತಾರೆ. ಅವಲಕ್ಕಿ, ತೆಂಗಿನ ತುರಿ, ಸಿಹಿ, ಜೊತೆಗೆ ಹಣ್ಣುಗಳು. ನಮ್ಮ ಕರಾವಳಿಯವರ ನಾಲಿಗೆಗೆ ಈ ರುಚಿ ಪರಕೀಯವೆನಿಸದು.

ಮಂದಿರವೇನೋ ಆಯಿತು, ಅದರ ಪೆಟ್ಟಿಗೆಗೆ ತೋರಾ ಸುರುಳಿ ಬೇಕಲ್ಲ! ಕೊಚ್ಚಿಯ ಯೆಹೂದಿಗಳು ಶಾಸ್ತ್ರಬಲ್ಲವರಾಗಿದ್ದರು. ಅಲ್ಲಿಯ ಪರದೇಶಿ ಸಿನಗಾಗ್ 1568ರಷ್ಟು ಹಿಂದೆಯೇ ಕಟ್ಟಿದುದು. ಗ್ರಂಥವನ್ನು ತರಲು ದಿವೇಕರರು ತಾವೇ ಕೊಚ್ಚಿಗೆ ಪ್ರಯಾಣ ಮಾಡಿದರು. 1797ರಲ್ಲಿ, ಮಂದಿರವಾದ ಮರುವರ್ಷವೇ, ಕೊಚ್ಚಿಯಲ್ಲಿ ಅವರು ಕೊನೆಯುಸಿರೆಳೆದರು. ತಾವು ಕಟ್ಟಿಸಿದ ಮಂದಿರದಲ್ಲಿ ತಾವು ತರಹೋದ ಗ್ರಂಥದ ಪಠಣವನ್ನು ಕೇಳುವ ಭಾಗ್ಯ ಅವರದಾಗಲಿಲ್ಲ.

ಅವರು ಹೋದರೂ ಮಂದಿರ ನಿಂತಿತು. ಜನರು ಅದನ್ನು ಸಾಮಾಜಿ ಹಸಾಜಿಯವರ ಮಂದಿರವೆಂದು ಕರೆದರು. ಎರಡನೆಯದೊಂದು ಸಿನಗಾಗ್ ಆದ ಮೇಲೆ ಇದು ಜುನಿ ಮಶೀದ್, ಎಂದರೆ ಹಳೆಯ ಮಸೀದಿಯಾಯಿತು. ಪ್ರಾರ್ಥನಾಲಯವನ್ನು ಮಶೀದ್ ಎನ್ನುವುದು ಬೆನೆ ಇಸ್ರೇಲರ ರೂಢಿ. ಮಸ್ಜಿದ್ ಸ್ಟೇಶನಿಗೆ ಇದರಿಂದಲೇ ಹೆಸರು ಬಂದಿತೆಂದು ಹೇಳುವವರೂ ಇದ್ದಾರೆ. ಸಮೀಪದ ಜುಮ್ಮಾ ಮಸ್ಜಿದಿನಿಂದ ಬಂದಿತೆಂಬ ಪಕ್ಷವೂ ಇದೆ. 1860ರಲ್ಲಿ ಮಂದಿರವು ಸ್ಯಾಮ್ಯುಯೆಲ್ ಸ್ಟ್ರೀಟಿನ ಈಗಿನ ಸ್ಥಳಕ್ಕೆ ಬಂದಿತು. 1896ರಲ್ಲಿ, ನೂರು ವರ್ಷ ತುಂಬಿದಾಗ, ಶಾರ್ ಹರಹಮೀಮ್ ಎಂಬ ಹೆಸರನ್ನು ತಳೆಯಿತು. ಕರುಣೆಯ ಬಾಗಿಲು ಎಂಬುದು ಅದರ ಅರ್ಥ. ಕರುಣೆಯಿಂದ ಬದುಕುಳಿದವನು ಕಟ್ಟಿಸಿದ ಮಂದಿರಕ್ಕೆ ಅದಕ್ಕಿಂತ ತಕ್ಕ ಹೆಸರು ದೊರೆಯಲಾರದು.

ಬೆನೆ ಇಸ್ರೇಲರು ಈ ನಗರದಲ್ಲಿ ಗುಮಾಸ್ತರಾಗಿ, ರೈಲ್ವೆ ನೌಕರರಾಗಿ, ಶಿಕ್ಷಕರಾಗಿ, ವೈದ್ಯರಾಗಿ ಏಳಿಗೆ ಹೊಂದಿದರು. 1948ರಲ್ಲಿ ಇಸ್ರೇಲ್ ರಾಷ್ಟ್ರವು ಸ್ಥಾಪಿತವಾದ ಮೇಲೆ ಬಹುಸಂಖ್ಯಾತರು ಅಲ್ಲಿಗೆ ತೆರಳಿದರು. ಉಳಿದವರು ಠಾಣೆ ಮುಂತಾದ ದೂರದ ಬಡಾವಣೆಗಳಿಗೆ ಸರಿದರು. ಇಂದು ಸ್ಯಾಮ್ಯುಯೆಲ್ ಸ್ಟ್ರೀಟಿನ ಸುತ್ತಮುತ್ತ ಯೆಹೂದಿ ಕುಟುಂಬಗಳು ಅತಿ ವಿರಳ. ನೆರೆಹೊರೆಯವರಲ್ಲಿ ಹೆಚ್ಚಿನವರು ಮುಸಲ್ಮಾನರು. ಅವರ ನಡುವೆ ಮಂದಿರವು ನೆಮ್ಮದಿಯಿಂದ ನಿಂತಿದೆ. ಅದಕ್ಕೆ ಶತ್ರುಗಳ ಭಯವಿಲ್ಲ; ಹತ್ತು ಮಂದಿಯನ್ನು ಕೂಡಿಸುವುದೇ ಕಷ್ಟ. ದೂರದಿಂದ ಗಾಡಿ ಹತ್ತಿ ಬರುವ ಕೆಲವೇ ಸೇವಾನಿರತರಿಂದ ಅದರ ದೀಪ ಉರಿಯುತ್ತಿದೆ.

ಇದನ್ನು ಓದಿದ ಕನ್ನಡಿಗನಿಗೆ ತನ್ನವರ ನೆನಪಾಗದಿರದು. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕನ್ನಡ ರಾತ್ರಿ ಶಾಲೆಗಳನ್ನು ಕಟ್ಟಿದವರು ನಮ್ಮ ಹಿರಿಯರು. ಭಜನಾ ಮಂಡಳಿಗಳನ್ನೂ ಸಂಘಗಳನ್ನೂ ಕಟ್ಟಿದವರು ಅವರೇ. ಊರಿನಲ್ಲಿ ತಂದೆ ತೀರಿಕೊಂಡ ತಂತಿ ಬಂದಾಗ, ಗಾಡಿ ಹೊರಡುವವರೆಗೆ ಹುಡುಗನ ಪಕ್ಕದಲ್ಲಿ ಕುಳಿತು, ಜೇಬಿಗೆ ಟಿಕೇಟಿನ ಹಣ ಹಾಕಿ ಕಳುಹಿಸಿದವರು ಯಾವ ಪದಾಧಿಕಾರಿಗಳೂ ಅಲ್ಲ, ಜೊತೆಯಲ್ಲಿ ದುಡಿಯುವವರು. ಆ ಶಾಲೆಗಳಲ್ಲಿ ಹಲವು ಈಗ ವಿದ್ಯಾರ್ಥಿಗಳಿಲ್ಲದೆ ಮುಚ್ಚಿವೆ. ಕಟ್ಟಡಕ್ಕೆ ಹಣ ಕೊಡುವವರು ನಮ್ಮಲ್ಲಿ ಇಂದಿಗೂ ಸಿಗುತ್ತಾರೆ. ವಾರಕ್ಕೊಮ್ಮೆ ಬಂದು ಜಮಖಾನೆ ಹಾಸುವವರು, ತಾಳ ಹಿಡಿಯುವವರು ಸಿಗುವುದು ದುರ್ಲಭವಾಗುತ್ತಿದೆ.

ಸಾಮಾಜಿ ದಿವೇಕರರು ತಮ್ಮ ಹರಕೆಯನ್ನು ಸಲ್ಲಿಸಿ ಹೋದರು. ಬಾಗಿಲನ್ನು ತೆರೆದಿಡುವ ಕೆಲಸ ಮಾತ್ರ ಯಾರೊಬ್ಬನಿಂದಲೂ ಒಮ್ಮೆಗೇ ಮುಗಿಯುವಂಥದಲ್ಲ. ಮುಂದಿನ ಸಲ ಸಾಮಾನು ತರಲು ಆ ಪೇಟೆಗೆ ಹೋದಾಗ, ನಮ್ಮ ವಾಚಕರು ಒಂದು ನಿಮಿಷ ಆ ಮಂದಿರದ ಎದುರಿಗೆ ನಿಲ್ಲಬೇಕೆಂದು ನಾವು ಬಿನ್ನವಿಸುತ್ತೇವೆ. ಅನಂತರ ಜೋಗೇಶ್ವರಿಗೆ ಮರಳಿ, ತಮ್ಮ ಕೇರಿಯ ಭಜನೆಗೋ ಸಂಘದ ಸಭೆಗೋ ಆ ವಾರ ಹತ್ತನೆಯವರಾಗಿ ಹೋಗಿ ಕುಳಿತರೆ, ಆ ಪುಣ್ಯಪುರುಷರಿಗೆ ನಾವು ಸಲ್ಲಿಸಬಹುದಾದ ಗೌರವ ಸಂದಂತೆಯೇ ಸರಿ.