ಟೈರ್ ಕಟ್ಟಿದ ದನದ ಡಾಕ್ಟ್ರು

ಮನೆಗೆ ಫೋರ್ ವ್ಹೀಲ್ ಡ್ರೈವ್ ಗಾಡಿ ಬಂತು ಅಂದ್ರೆ ಸ್ವಲ್ಪ ದಿನದಲ್ಲೇ ಒಂದು ಚರ್ಚೆ ಶುರುವಾಗುತ್ತೆ: ಕಂಪನಿ ಕೊಟ್ಟ ಟೈರ್ ತೆಗೆಸಿ ಆಲ್ ಟೆರೇನ್ ಟೈರ್ ಹಾಕಿಸೋದಾ, ಬೇಡ್ವಾ? ಥಾರ್ ಇರಲಿ, ಜಿಮ್ನಿ ಇರಲಿ, ದಪ್ಪ ದಪ್ಪ ಬ್ಲಾಕಿನ ಟೈರ್ ಹಾಕಿದ ಮೇಲೆ ಗಾಡಿಗೆ ಬರೋ ಗತ್ತೇ ಬೇರೆ, ಒಪ್ಪೋಣ. ಆದ್ರೆ ಅದೇ ಗಾಡಿ ವಾರದಲ್ಲಿ ಆರು ದಿನ ಟಾರ್ ರೋಡಲ್ಲೇ ಆಫೀಸಿಗೆ, ಮಾರ್ಕೆಟ್ಟಿಗೆ ಓಡಾಡಬೇಕಲ್ಲ! ಈ ಗೊಂದಲ ಬಿಡಿಸೋಕೆ ಟೈರಿನ ಇತಿಹಾಸದಲ್ಲಿ ಒಬ್ಬರ ಬದುಕು ಚೆನ್ನಾಗಿ ನೆರವಾಗುತ್ತೆ. ಆತ ಇಂಜಿನಿಯರ್ ಅಲ್ಲ, ದನದ ಡಾಕ್ಟ್ರು. ಹೆಸರು ಜಾನ್ ಬಾಯ್ಡ್ ಡನ್‌ಲಪ್.

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಅನ್ನೋ ಹಳ್ಳಿಯ ಒಂದು ರೈತ ಕುಟುಂಬದಲ್ಲಿ. ಎಡಿನ್‌ಬರೋದಲ್ಲಿ ಪಶುವೈದ್ಯ ಓದಿ, 1867ರಲ್ಲಿ ಐರ್ಲೆಂಡಿಗೆ ಬಂದ. ಬೆಲ್‌ಫಾಸ್ಟ್ ನಗರದಲ್ಲಿ ಆತನ ಪ್ರಾಕ್ಟೀಸ್ ಚೆನ್ನಾಗಿ ಬೆಳೀತು. ಊರಿನ ಗಾಡಿಗಳೆಲ್ಲ ಕುದುರೆ ಮೇಲೆ ನಿಂತಿದ್ದ ಕಾಲ ಅದು. ಕುದುರೆ ಡಾಕ್ಟರಿಗೆ ಕೆಲಸಕ್ಕೇನು ಕಮ್ಮಿ? ಚಿಕಿತ್ಸೆಗೆ ಬೇಕಾದ ಕೆಲವು ರಬ್ಬರ್ ಸಾಮಾನನ್ನ ತಾನೇ ಮಾಡ್ಕೋತಿದ್ದ. ಹಾಗಾಗಿ ರಬ್ಬರಿನ ಗುಣ ಏನು ಅಂತ ಕೈಗೆ ಗೊತ್ತಿತ್ತು.

1887ರಲ್ಲಿ ಆತನ ಮುಂದೆ ಬಂದ ಸಮಸ್ಯೆ ತೀರಾ ಮನೆಯದ್ದು. ಹತ್ತು ವರ್ಷದ ಆಸುಪಾಸಿನ ಮಗ ಜಾನಿಗೆ ಮೂರು ಚಕ್ರದ ಸೈಕಲ್ ಇತ್ತು. ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿ, ಬೀದಿಗೆ ಕಲ್ಲು ಹಾಸು. ಓಡಿಸಿದ್ರೆ ಮೈಯೆಲ್ಲ ಕುಲುಕಾಟ. ಡನ್‌ಲಪ್ ಒಂದು ಮರದ ತಟ್ಟೆ ಮಾಡಿ, ಅದರ ಸುತ್ತ ತೆಳು ರಬ್ಬರ್ ಹಾಳೆಯ ಟ್ಯೂಬ್ ಅಂಟಿಸಿ, ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದ. ಫುಟ್‌ಬಾಲ್ ಪಂಪಿನಲ್ಲಿ ಗಾಳಿ ತುಂಬಿದ. ಆಮೇಲೆ ಸೈಕಲ್ಲಿನ ಹಳೇ ಚಕ್ರ, ತನ್ನ ಹೊಸ ತಟ್ಟೆ ಎರಡನ್ನೂ ಅಂಗಳದಲ್ಲಿ ಒಂದಾದ ಮೇಲೆ ಒಂದು ಉರುಳಿಸಿಬಿಟ್ಟ. ಗಟ್ಟಿ ರಬ್ಬರಿನ ಚಕ್ರ ಅರ್ಧದಲ್ಲೇ ಮಗುಚಿತು. ಗಾಳಿ ಚಕ್ರ ಅಂಗಳ ಪೂರ್ತಿ ದಾಟಿ ಗೇಟಿಗೆ ಬಡಿದು ವಾಪಸ್ ಪುಟಿಯಿತು.

ಕಾರಣ ನಿಮಗೆ ಗೊತ್ತೇ ಇದೆ. ಗಟ್ಟಿ ಚಕ್ರಕ್ಕೆ ಕಲ್ಲು ಸಿಕ್ಕಿದಾಗೆಲ್ಲ ಇಡೀ ಗಾಡಿ ಮೇಲೇಳಬೇಕು, ಮುಂದೆ ಹೋಗೋ ಶಕ್ತಿ ಅಲ್ಲೇ ಖರ್ಚು. ಗಾಳಿ ಟೈರಿನಲ್ಲಿ ಟೈರೇ ತಗ್ಗಿ ಕಲ್ಲನ್ನ ನುಂಗಿಕೊಳ್ಳುತ್ತೆ, ಗಾಡಿ ನೆಟ್ಟಗೆ ಹೋಗುತ್ತೆ. ಡನ್‌ಲಪ್ ಹುಡುಕಿದ್ದು ಆರಾಮ. ಅದರ ಜೊತೆ ವೇಗವೂ ಸಿಕ್ಕಿತು. ಮಾರನೇ ವರ್ಷದ ಫೆಬ್ರವರಿಯಲ್ಲಿ ಜಾನಿಯ ಸೈಕಲ್ಲಿಗೆ ಹೊಸ ಚಕ್ರ ಬಂತು, 1888 ಮುಗಿಯೋ ಹೊತ್ತಿಗೆ ಪೇಟೆಂಟೂ ಬಂತು.

ಸುದ್ದಿ ಊರಿಗೆ ಮುಟ್ಟಿಸಿದ್ದು ಒಂದು ಕಾಲೇಜು ಸ್ಪೋರ್ಟ್ಸ್ ಡೇ! 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟಕ್ಕೆ ವಿಲಿ ಹ್ಯೂಮ್ ಅನ್ನೋ ಸೈಕಲ್ ಸವಾರ ಈ ದಪ್ಪ ಟೈರಿನ ಸೈಕಲ್ ತಂದ. ನೋಡಿದವರು ನಕ್ಕರು. ರೇಸ್ ಮುಗಿಯೋ ಹೊತ್ತಿಗೆ ನಗು ನಿಂತಿತ್ತು, ಹ್ಯೂಮ್ ಗೆದ್ದಿದ್ದ. ಸೋತವರಲ್ಲಿ ಡಬ್ಲಿನ್ನಿನ ವ್ಯಾಪಾರಿ ಹಾರ್ವೆ ಡು ಕ್ರಾಸ್ ಅವರ ಮಕ್ಕಳೂ ಇದ್ದರು. ಅಪ್ಪ ಬೇಜಾರು ಮಾಡ್ಕೊಂಡು ಕೂರಲಿಲ್ಲ; ಅದೇ ವರ್ಷ ಡನ್‌ಲಪ್ ಜೊತೆ ಸೇರಿ ಡಬ್ಲಿನ್ನಿನಲ್ಲಿ ಟೈರ್ ಕಂಪನಿ ಶುರು ಮಾಡಿದ.

ಇಲ್ಲಿಗೆ ಕಥೆ ಸುಖಾಂತ ಆಗಬೇಕಿತ್ತು. ಆಗಲಿಲ್ಲ, ಎರಡು ಏಟು ಬಿತ್ತು.

ಮೊದಲನೇದು ಪಂಕ್ಚರ್. ಡನ್‌ಲಪ್ ಟೈರನ್ನ ರಿಮ್ಮಿಗೆ ಅಂಟು ಹಾಕಿ ಕೂರಿಸಿದ್ದ. ಓಡೋವರೆಗೆ ಸ್ವರ್ಗ, ಪಂಕ್ಚರ್ ಆದ್ರೆ ನರಕ. ಫ್ರಾನ್ಸಿನ ಮಿಶೆಲಿನ್ ಅಣ್ಣತಮ್ಮಂದಿರ ಕಾರ್ಖಾನೆಗೆ ಒಬ್ಬ ಸವಾರ ಇಂಥ ಟೈರ್ ತಂದಾಗ, ಬಿಚ್ಚಿ ರಿಪೇರಿ ಮಾಡೋಕೆ ಮೂರು ಗಂಟೆ, ಅಂಟು ಒಣಗೋಕೆ ಒಂದು ರಾತ್ರಿ ಬೇಕಾಯ್ತು. ಅದನ್ನ ನೋಡಿದ ಮಿಶೆಲಿನ್‌ಗಳು 1891ರಲ್ಲಿ ಸುಲಭವಾಗಿ ಬಿಚ್ಚೋ ಟೈರ್ ತಂದರು. ಅದಕ್ಕೂ ಮೊದಲೇ, 1890ರಲ್ಲಿ, ಚಾರ್ಲ್ಸ್ ವೆಲ್ಚ್ ಟೈರಿನ ಅಂಚಿನೊಳಗೆ ತಂತಿ ಕೂರಿಸಿ ರಿಮ್ಮಿನ ಹಳ್ಳಕ್ಕೆ ಸಿಕ್ಕಿಸೋ ಉಪಾಯ ಕಂಡುಹಿಡಿದಿದ್ದ. ಇವತ್ತು ನಿಮ್ಮ ಕಾರಿನ ಟೈರಿನ ಬೀಡಿನಲ್ಲಿರೋದು ಅದರ ಮುಂದುವರಿದ ರೂಪ.

ಎರಡನೇದು ಇನ್ನೂ ದೊಡ್ಡದು. ಪೇಟೆಂಟ್ ಸಿಕ್ಕಿ ಎರಡು ವರ್ಷಕ್ಕೆ ಅದು ಚಲ್ಲದು ಅಂತ ಗೊತ್ತಾಯ್ತು. ರಾಬರ್ಟ್ ವಿಲಿಯಂ ಥಾಮ್ಸನ್ ಅನ್ನೋ ಇನ್ನೊಬ್ಬ ಸ್ಕಾಟ್ಲೆಂಡಿನವನು 1845ರಲ್ಲೇ, ಬರೀ 23ನೇ ವಯಸ್ಸಿನಲ್ಲಿ, ಗಾಳಿ ಟೈರಿಗೆ ಪೇಟೆಂಟ್ ತಗೊಂಡಿದ್ದ. ಆಗ ಸೈಕಲ್ಲಿನ ಭರಾಟೆ ಇರಲಿಲ್ಲ, ರಬ್ಬರ್ ದುಬಾರಿ, ಹಾಗಾಗಿ ಎಲ್ಲರೂ ಮರೆತಿದ್ದರು. ಡನ್‌ಲಪ್‌ಗೂ ಅದು ಗೊತ್ತಿರಲಿಲ್ಲ. ಕಂಪನಿ ಮುಳುಗದೆ ಉಳಿದದ್ದು ವೆಲ್ಚ್ ಮೊದಲಾದವರ ಪೇಟೆಂಟ್ ಕೊಂಡುಕೊಂಡಿದ್ದರಿಂದ. ಅಂದ್ರೆ ಕಂಪನಿಯನ್ನ ಉಳಿಸಿದ್ದು ಟೈರ್ ಓಡೋ ವಿದ್ಯೆಯಲ್ಲ, ಬಿಚ್ಚಿ ಹಾಕೋ ವಿದ್ಯೆ.

1895ರಲ್ಲಿ ಡನ್‌ಲಪ್ ಕಂಪನಿ ಬಿಟ್ಟ, ಬಹುಪಾಲು ಷೇರನ್ನೂ ಮಾರಿದ. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡಿಗೆ ಮಾರಾಟವಾಯ್ತು. ದೊಡ್ಡ ಲಾಭ ಬೇರೆಯವರದ್ದು, ಹೆಸರು ಮಾತ್ರ ಆತನದ್ದು. ನಮ್ಮ ಸೈಕಲ್ಲಿನ ವಾಲ್ವಿಗೂ ಡನ್‌ಲಪ್ ವಾಲ್ವ್ ಅಂತಾರೆ. ಅದನ್ನ ಮಾಡಿದವನು ವುಡ್ಸ್ ಅನ್ನೋ ಬೇರೊಬ್ಬ! ಡನ್‌ಲಪ್ ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ಪಾಲುದಾರನಾಗಿದ್ದು, 1921ರ ಅಕ್ಟೋಬರ್ 23ರಂದು, 81ನೇ ವಯಸ್ಸಿನಲ್ಲಿ ತೀರಿಕೊಂಡ.

ಈಗ ನಮ್ಮ ಚರ್ಚೆಗೆ ಬರೋಣ. ಡನ್‌ಲಪ್ ಗೆದ್ದಿದ್ದು ತನ್ನ ಮಗ ದಿನಾ ಓಡಿಸೋ ಬೀದಿಯನ್ನ ನೋಡಿ ಟೈರ್ ಕಟ್ಟಿದ್ದಕ್ಕೆ. ಎಡವಿದ್ದು ಟೈರ್ ಕೆಟ್ಟ ದಿನ ಏನು ಗತಿ ಅಂತ ಯೋಚಿಸದ್ದಕ್ಕೆ. ನಾವೂ ಇದೇ ಎರಡು ಪ್ರಶ್ನೆ ಕೇಳ್ಕೋಬೇಕು.

ಮೊದಲು, ದಿನಾ ಓಡೋ ರಸ್ತೆ ಯಾವುದು? ಆಲ್ ಟೆರೇನ್ ಟೈರಿನ ಬ್ಲಾಕ್‌ಗಳ ನಡುವೆ ಜಾಗ ಜಾಸ್ತಿ, ಕೆಸರು ಹೊರಗೆ ಹೋಗುತ್ತೆ, ಜಲ್ಲಿ ಮೇಲೆ ಹಿಡಿತ ಸಿಗುತ್ತೆ. ಆದ್ರೆ ಅದೇ ಜಾಗ ಟಾರ್ ರೋಡನ್ನ ಮುಟ್ಟೋ ರಬ್ಬರನ್ನ ಕಮ್ಮಿ ಮಾಡುತ್ತೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದ್ರೆ ಗಾಡಿ ಇನ್ನಷ್ಟು ದೂರ ಹೋಗಿ ನಿಲ್ಲಬಹುದು. ಸದ್ದು ಹೆಚ್ಚು, ತೂಕ ಹೆಚ್ಚು, ಮೈಲೇಜ್ ಕಮ್ಮಿ. ಮಲೆನಾಡಿನ ಎಸ್ಟೇಟ್ ದಾರಿಯಲ್ಲಿ ಮಳೆಗಾಲದಲ್ಲಿ ದಿನಾ ಇಳಿದು ಹತ್ತೋರಿಗೆ ಈ ಬೆಲೆ ಕೊಟ್ಟರೂ ನಷ್ಟ ಇಲ್ಲ. ವರ್ಷಕ್ಕೆ ಎರಡು ಸಲ ಟ್ರಿಪ್ ಹೋಗೋರಿಗೆ ಒಳ್ಳೆ ಹೈವೇ ಟೈರೇ ಸಾಕು. ಆ ಎರಡು ದಿನ ಕೆಸರಲ್ಲಿ ಗಾಳಿ ಸ್ವಲ್ಪ ಇಳಿಸಿ, ಟಾರ್ ರೋಡಿಗೆ ಬರೋ ಮುಂಚೆ ಮತ್ತೆ ತುಂಬಿಸ್ಕೊಂಡ್ರೆ ಆಯ್ತು. ತುಂಬಿಸದೆ ಸ್ಪೀಡಲ್ಲಿ ಹೋದ್ರೆ ಟೈರಿನ ಪಕ್ಕ ಬಾಗಿ ಬಾಗಿ ಬಿಸಿಯಾಗಿ ಒಡೆಯಬಹುದು.

ಎರಡನೇದು, ಕೈಕೊಟ್ಟ ದಿನ? ಚೂಪು ಕಲ್ಲಿನ ದಾರಿಯಲ್ಲಿ ಟೈರಿನ ಪಕ್ಕ ಹರಿದ್ರೆ ಪಂಕ್ಚರ್ ಅಂಗಡಿಯಲ್ಲೂ ನೆಟ್ಟಗಾಗಲ್ಲ. ಅಲ್ಲಿ ಗಟ್ಟಿ ಪಕ್ಕದ ಆಲ್ ಟೆರೇನ್ ಟೈರಿಗೆ ನಿಜವಾದ ಬೆಲೆ ಇದೆ. ಆದ್ರೆ ಹಾಕಿಸೋದಾದ್ರೆ ಸ್ಟೆಪ್ನಿಯೂ ಅದೇ ಅಳತೆಯದ್ದೇ ಇರಲಿ. ಫೋರ್ ವ್ಹೀಲ್ ಲಾಕ್ ಆದಾಗ ಹಿಂದೆ ಮುಂದೆ ಚಕ್ರದ ಸುತ್ತಳತೆ ಬೇರೆ ಇದ್ರೆ ಗೇರ್‌ಗಳೇ ಒಂದಕ್ಕೊಂದು ತಿರುಚಾಡ್ತವೆ. ಲೋಡ್ ಇಂಡೆಕ್ಸ್ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರಬಾರದು. ಟೈರಿನ ವ್ಯಾಸ 3 ಶೇಕಡಾ ಹೆಚ್ಚಾದ್ರೆ, ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 2 ಕಿಲೋಮೀಟರ್ ಜಾಸ್ತಿ ವೇಗದಲ್ಲಿರುತ್ತೆ, ಅದೂ ನೆನಪಿರಲಿ.

ಅಂಗಡಿಗೆ ಹೋಗೋ ಮುಂಚೆ ಒಂದು ತಿಂಗಳು ಡೈರಿಯಲ್ಲಿ ಬರೆದಿಡಿ: ಟಾರ್ ಎಷ್ಟು ಕಿಲೋಮೀಟರ್, ಮಣ್ಣು ಎಷ್ಟು, ಕಲ್ಲು ಎಷ್ಟು. ಡನ್‌ಲಪ್ ಅಂಗಳದಲ್ಲಿ ಚಕ್ರ ಉರುಳಿಸಿ ನೋಡಿದ್ದೂ ಇದೇ ಲೆಕ್ಕಕ್ಕೆ.