ರಾಯಧನ ಬೇಡವೆಂದ ಇಂಜಿನಿಯರ್

ಪುಣೆಯಲ್ಲಿರುವ ನಾವೆಲ್ಲ ಒಂದಲ್ಲ ಒಂದು ಮಳೆಗಾಲದ ಭಾನುವಾರ ಖಡಕ್‌ವಾಸ್ಲಾಕ್ಕೆ ಹೋಗಿ, ಸುಟ್ಟ ಜೋಳ ತಿಂದು, ಸೆಲ್ಫಿ ತೆಗೆದುಕೊಂಡು ಬಂದವರೇ. ಆ ಜಾಗಕ್ಕೂ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಇರುವ ನಂಟು ನನಗೆ ತಿಳಿದದ್ದು ನಾಲ್ಕೈದು ಸಲ ಹೋಗಿ ಬಂದ ಮೇಲೆ! ಮೇಣದಬತ್ತಿಯ ಕಥೆ ಎಲ್ಲರಿಗೂ ಬಾಯಿಪಾಠ, ಅದು ಬೇಡ. ಇದನ್ನು ಕೇಳಿ.

ಮುದ್ದೇನಹಳ್ಳಿಯ ಈ ಹುಡುಗ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಡುತ್ತಾ 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಂಜಿನಿಯರಿಂಗ್ ಓದಲು ಪುಣೆಗೆ ಬಂದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು.

ಪುಣೆಗೆ ನೀರುಣಿಸುವ ಖಡಕ್‌ವಾಸ್ಲಾ ಜಲಾಶಯ ಮಳೆಗಾಲದಲ್ಲಿ ಕೋಡಿ ಹರಿದು ನೀರು ಪೋಲಾಗುತ್ತಿತ್ತು. ಅಣೆಕಟ್ಟನ್ನೇ ಎತ್ತರಿಸದೆ, ಕೋಡಿಯ ಮೇಲೆ ಬಾಗಿಲು ಕೂರಿಸುವ ಉಪಾಯವನ್ನು ವಿಶ್ವೇಶ್ವರಯ್ಯನವರು ಹುಡುಕಿದರು. ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುತ್ತದೆ. ಮಿತಿ ಮೀರಿದರೆ ಬಾಗಿಲು ತಾನಾಗಿ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. 1903ರಲ್ಲಿ ಅವನ್ನು ಅಳವಡಿಸಿದರು. (ಈಗ ನಾವು ನೋಡುವ ಅಣೆಕಟ್ಟು 1961ರ ದುರಂತದ ನಂತರ ಮತ್ತೆ ಕಟ್ಟಿದ್ದು.)

ಪೇಟೆಂಟ್ ಅವರ ಹೆಸರಿನಲ್ಲೇ ಇತ್ತು. ಆದರೆ ಸರ್ಕಾರದಿಂದ ರಾಯಧನ ಪಡೆಯಲು ಅವರು ಒಪ್ಪಲಿಲ್ಲ. ಆ ಬಾಗಿಲುಗಳ ವಿನ್ಯಾಸ, ನಿರ್ಮಾಣ ಎರಡರ ಹೊಣೆಯೂ ತಮ್ಮದೇ ಆಗಿದೆ ಎಂಬುದು ಕಾರಣ. ತೆಗೆದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಐಟಿಯಲ್ಲಿರುವ ನಾವು ಬರೆದ ಕೋಡ್ ಕಂಪನಿಯದ್ದೆಂದು ಮೊದಲ ದಿನವೇ ಸಹಿ ಹಾಕಿರುತ್ತೇವೆ, ನಮಗೆ ಆಯ್ಕೆಯೇ ಇಲ್ಲ. ಅವರಿಗಿತ್ತು. ಮುಂದೆ ಗ್ವಾಲಿಯರ್‌ನ ಟಿಗ್ರಾ ಅಣೆಕಟ್ಟಿಗೂ ಕೃಷ್ಣರಾಜಸಾಗರಕ್ಕೂ ಇಂಥವೇ ಬಾಗಿಲುಗಳು ಬಂದವು. ಒಂದೊಂದಕ್ಕೂ ಹಣ ಬರುವಂತಿದ್ದರೆ, ಇಲ್ಲಿ ಬಾಗಿಲು ಬೇಕು ಎಂದು ಅವರು ಹೇಳಿದಾಗ ಅದು ನೀರಿಗಾಗಿಯೋ ಹಣಕ್ಕಾಗಿಯೋ ಎಂಬ ಅನುಮಾನ ಉಳಿದೇ ಉಳಿಯುತ್ತಿತ್ತು.

1908ರ ಮೂಸಿ ಪ್ರವಾಹದ ನಂತರ ಹೈದರಾಬಾದಿಗೆ ಅವರು ಹಾಕಿಕೊಟ್ಟ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಬಂದದ್ದನ್ನು ಅಲ್ಲಿನ ಗೆಳತಿಯರು ನನಗಿಂತ ಚೆನ್ನಾಗಿ ಬಲ್ಲರು.

1912ರಲ್ಲಿ ಮೈಸೂರಿನ ದಿವಾನರಾದರು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರದಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಭಿನ್ನಾಭಿಪ್ರಾಯ ಬಂದಾಗ, 1918ರಲ್ಲಿ ಹುದ್ದೆ ಬಿಟ್ಟರು. ಆ ವಿಷಯದಲ್ಲಿ ನನ್ನ ಮನಸ್ಸು ಮಹಾರಾಜರ ಕಡೆಗೇ. ಹೆಣ್ಣುಮಕ್ಕಳಾದ ನಮಗೆ ಬಾಗಿಲು ತೆರೆದುಕೊಡುವವರು ಬೇಕೆಂಬುದು ಗೊತ್ತಿರುವುದರಿಂದಲೋ ಏನೋ. ಆದರೆ ತಾವು ಒಪ್ಪದ ನೀತಿಯನ್ನು ಕುರ್ಚಿಗಾಗಿ ಒಪ್ಪಿದಂತೆ ಅವರು ನಟಿಸಲಿಲ್ಲ, ಒಳಗಿದ್ದುಕೊಂಡೇ ಅದಕ್ಕೆ ಅಡ್ಡಗಾಲು ಹಾಕಲೂ ಇಲ್ಲ.

ಮುನಿಸಿಕೊಂಡು ದೂರ ಉಳಿಯಲೂ ಇಲ್ಲ. ಅದೇ ಮಹಾರಾಜರ ಕಾಲದಲ್ಲಿ, 1923ರಲ್ಲಿ, ನಷ್ಟದಲ್ಲಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ಆ ಕೆಲಸಕ್ಕೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಎಂದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಶುರುವಾದದ್ದು ಹಾಗೆ.