ಬೂಟ್ ಪಾಲಿಶ್ ಕಾರ್ಖಾನೆಯ ಹುಡುಗ

ಮಕ್ಕಳೇ, ನಿಮ್ಮ ಹುಟ್ಟುಹಬ್ಬದ ದಿನ ಮನೆಯಲ್ಲಿ ಏನು ಮಾಡುತ್ತಾರೆ? ಪಾಯಸ ಮಾಡುತ್ತಾರೆ, ಹೊಸ ಅಂಗಿ ಕೊಡಿಸುತ್ತಾರೆ, ಅಲ್ಲವೇ? ಈಗ ಒಬ್ಬ ಹುಡುಗನ ಕಥೆ ಕೇಳಿ. ಅವನಿಗೆ ಹನ್ನೆರಡು ವರ್ಷ ತುಂಬಿ ಎರಡು ದಿನವಾಗಿತ್ತು. ಅಂದು ಬೆಳಿಗ್ಗೆ ಅವನನ್ನು ಕಾರ್ಖಾನೆಯ ಕೆಲಸಕ್ಕೆ ಕಳುಹಿಸಿದರು. ಅವನೇ ಮುಂದೆ ಜಗತ್ತಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬನಾದ ಚಾರ್ಲ್ಸ್ ಡಿಕನ್ಸ್.

ಚಾರ್ಲ್ಸ್ 1812ರ ಫೆಬ್ರವರಿ 7ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಎಂಬ ಬಂದರಿನ ಊರಿನಲ್ಲಿ ಹುಟ್ಟಿದನು. ತಂದೆ ಜಾನ್ ಡಿಕನ್ಸ್ ನೌಕಾಪಡೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಾಯಿ ಎಲಿಜಬೆತ್. ತಂದೆ ನಗುಮುಖದವರು, ಮಕ್ಕಳೆಂದರೆ ಪ್ರಾಣ. ಆದರೆ ಹಣ ಅವರ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬರುವ ಸಂಬಳಕ್ಕಿಂತ ಖರ್ಚು ಹೆಚ್ಚು. ಅಂಗಡಿಯವರ ಬಳಿಯೆಲ್ಲ ಸಾಲ.

1822ರಲ್ಲಿ ಈ ಸಂಸಾರ ಲಂಡನ್ ನಗರಕ್ಕೆ ಬಂದಿತು. ಚಾರ್ಲ್ಸನ ಶಾಲೆ ನಿಂತುಹೋಯಿತು. ಅವನು ಮನೆಯಲ್ಲಿ ಬೂಟು ಒರೆಸುತ್ತಿದ್ದನು, ತಮ್ಮತಂಗಿಯರನ್ನು ನೋಡಿಕೊಳ್ಳುತ್ತಿದ್ದನು. ಸಾಲ ಬೆಳೆಯಿತು. ಮನೆಯ ಸಾಮಾನುಗಳನ್ನು ಒಂದೊಂದಾಗಿ ಒತ್ತೆ ಇಡಬೇಕಾಯಿತು. ಮೊದಲು ಹೋದದ್ದು ಯಾವುದು ಗೊತ್ತೇ? ಪುಸ್ತಕಗಳು. ಚಾರ್ಲ್ಸ್ ಮತ್ತೆ ಮತ್ತೆ ಓದಿ ಆನಂದಿಸಿದ ಕಥೆಯ ಪುಸ್ತಕಗಳು ಅವು. ಅವುಗಳನ್ನು ಹೊತ್ತುಕೊಂಡು ಹೋಗಿ ಮಾರಿ ಬರುವ ಕೆಲಸವೂ ಅವನದೇ ಆಗಿತ್ತು.

ಆಗ ಸಂಬಂಧಿಕರೊಬ್ಬರು ಒಂದು ಉಪಾಯ ಹೇಳಿದರು. ಬೂಟಿಗೆ ಹಚ್ಚುವ ಕಪ್ಪು ಪಾಲಿಶ್ ತಯಾರಿಸುವ ಕಾರ್ಖಾನೆಯನ್ನು ಅವರು ನೋಡಿಕೊಳ್ಳುತ್ತಿದ್ದರು. ಹುಡುಗನನ್ನು ಅಲ್ಲಿಗೆ ಕಳುಹಿಸಿದರೆ ವಾರಕ್ಕೆ ಆರು ಷಿಲ್ಲಿಂಗ್ ಕೊಡುವುದಾಗಿ ಹೇಳಿದರು. ಮಧ್ಯಾಹ್ನದ ಬಿಡುವಿನಲ್ಲಿ ತಾವೇ ಪಾಠ ಹೇಳಿಕೊಡುವುದಾಗಿಯೂ ಮಾತು ಕೊಟ್ಟರು. ತಂದೆತಾಯಿ ಸಂತೋಷದಿಂದ ಒಪ್ಪಿದರು. ಪಾಠವೇನೋ ಸ್ವಲ್ಪ ದಿನಗಳಲ್ಲೇ ನಿಂತುಹೋಯಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ಥೇಮ್ಸ್ ನದಿಯ ದಡದಲ್ಲಿ ಒಂದು ಹಳೆಯ ಮುರುಕು ಕಟ್ಟಡ. ನೆಲದ ಹಲಗೆಗಳು ಕೊಳೆತಿದ್ದವು. ನೆಲಮಾಳಿಗೆಯ ತುಂಬ ಇಲಿಗಳು. ಅವುಗಳ ಚೀರಾಟ ಮೆಟ್ಟಿಲ ಮೇಲಕ್ಕೂ ಕೇಳಿಸುತ್ತಿತ್ತು. ಇದೇ ಕಾರ್ಖಾನೆ. ಪಾಲಿಶ್ ತುಂಬಿದ ಚಿಕ್ಕ ಕುಡಿಕೆಗಳು ಚಾರ್ಲ್ಸನ ಮುಂದೆ ಬರುತ್ತಿದ್ದವು. ಅವನು ಪ್ರತಿ ಕುಡಿಕೆಯ ಬಾಯಿಗೆ ಎಣ್ಣೆ ಕಾಗದ ಮುಚ್ಚಬೇಕು. ಅದರ ಮೇಲೆ ನೀಲಿ ಕಾಗದ ಇಡಬೇಕು. ದಾರ ಸುತ್ತಿ ಕಟ್ಟಬೇಕು. ಅಂಚನ್ನು ಸುತ್ತಲೂ ಒಂದೇ ಸಮನಾಗಿ ಕತ್ತರಿಸಬೇಕು. ಕೊನೆಗೆ ಹೆಸರಿನ ಚೀಟಿ ಅಂಟಿಸಬೇಕು. ಒಂದು ಮುಗಿಯಿತೆಂದರೆ ಇನ್ನೊಂದು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಇದೇ ಕೆಲಸ.

ಕೆಲಸಕ್ಕೆ ಸೇರಿ ಎರಡು ವಾರವೂ ಆಗಿರಲಿಲ್ಲ. ತಂದೆಯನ್ನು ಬಂಧಿಸಿದರು. ಆಗಿನ ಇಂಗ್ಲೆಂಡಿನಲ್ಲಿ ಸಾಲ ತೀರಿಸದವರನ್ನು ಜೈಲಿಗೆ ಹಾಕುತ್ತಿದ್ದರು. ರೊಟ್ಟಿ ಅಂಗಡಿಯವನಿಗೆ ಕೊಡಬೇಕಾಗಿದ್ದ 40 ಪೌಂಡ್ 10 ಷಿಲ್ಲಿಂಗ್ ಸಾಲಕ್ಕಾಗಿ ಜಾನ್ ಡಿಕನ್ಸರು ಮಾರ್ಷಲ್ಸೀ ಎಂಬ ಜೈಲು ಸೇರಿದರು. ಒಂದು ಪೌಂಡಿಗೆ 20 ಷಿಲ್ಲಿಂಗ್. ಈಗ ನೀವೇ ಲೆಕ್ಕ ಹಾಕಿ ನೋಡಿ. ವಾರಕ್ಕೆ ಆರು ಷಿಲ್ಲಿಂಗ್ ಗಳಿಸುವ ಹುಡುಗ ಈ ಸಾಲ ತೀರಿಸಲು ಎಷ್ಟು ವಾರ ದುಡಿಯಬೇಕು? 135 ವಾರ! ಎರಡೂವರೆ ವರ್ಷಕ್ಕೂ ಹೆಚ್ಚು. ಅದೂ ಒಂದು ತುತ್ತು ತಿನ್ನದೆ ದುಡಿದರೆ.

ಬಾಡಿಗೆ ಕೊಡಲಾಗದೆ ತಾಯಿಯೂ ಚಿಕ್ಕ ಮಕ್ಕಳೂ ಜೈಲಿನಲ್ಲೇ ತಂದೆಯ ಜೊತೆ ಇರಲು ಹೋದರು. ಆ ಕಾಲದಲ್ಲಿ ಹಾಗೆ ಇರಲು ಬಿಡುತ್ತಿದ್ದರು. ಅಕ್ಕ ಫ್ಯಾನಿ ಸಂಗೀತ ಶಾಲೆಯಲ್ಲಿದ್ದಳು. ಚಾರ್ಲ್ಸ್ ಮಾತ್ರ ಬೇರೆಯವರ ಮನೆಯಲ್ಲಿ ಒಬ್ಬನೇ ಉಳಿದನು. ಬೆಳಿಗ್ಗೆ ಒಂದು ಚಿಕ್ಕ ಬ್ರೆಡ್ಡು, ಸ್ವಲ್ಪ ಹಾಲು. ರಾತ್ರಿಗೆಂದು ಇನ್ನೊಂದು ಬ್ರೆಡ್ಡನ್ನು ಕಪಾಟಿನಲ್ಲಿ ಇಟ್ಟು ಹೋಗುತ್ತಿದ್ದನು. ಶನಿವಾರ ಕೂಲಿ ಸಿಕ್ಕಿದ ಮೇಲೆ ಹಣವನ್ನು ಆರು ಪೊಟ್ಟಣ ಮಾಡುತ್ತಿದ್ದನು. ಒಂದೊಂದರ ಮೇಲೆ ಒಂದೊಂದು ವಾರದ ಹೆಸರು ಬರೆಯುತ್ತಿದ್ದನು. ಆದರೂ ಹನ್ನೆರಡು ವರ್ಷದ ಹುಡುಗನಲ್ಲವೇ? ದಾರಿಯಲ್ಲಿ ಅರ್ಧ ಬೆಲೆಗೆ ಮಾರುವ ಹಿಂದಿನ ದಿನದ ಸಿಹಿತಿಂಡಿ ಕಂಡರೆ ಊಟದ ಹಣ ಅಲ್ಲೇ ಖರ್ಚಾಗುತ್ತಿತ್ತು. ಅಂದು ಮಧ್ಯಾಹ್ನ ಉಪವಾಸ. ಭಾನುವಾರ ಬಂತೆಂದರೆ ಅಕ್ಕನನ್ನು ಕರೆದುಕೊಂಡು ಜೈಲಿಗೆ ಹೋಗುತ್ತಿದ್ದನು. ಮನೆಯವರೆಲ್ಲ ಒಟ್ಟಿಗೆ ಇರುತ್ತಿದ್ದುದು ಅದೊಂದೇ ದಿನ.

ಕಾರ್ಖಾನೆಯಲ್ಲಿ ಬಾಬ್ ಫೇಗಿನ್ ಎಂಬ ಹುಡುಗನಿದ್ದನು. ಅವನಿಗೆ ತಂದೆತಾಯಿ ಇರಲಿಲ್ಲ. ದಾರ ಕಟ್ಟುವುದನ್ನು ಚಾರ್ಲ್ಸನಿಗೆ ಕಲಿಸಿದವನು ಅವನೇ. ಒಂದು ದಿನ ಚಾರ್ಲ್ಸನಿಗೆ ಪಕ್ಕೆಯಲ್ಲಿ ವಿಪರೀತ ನೋವು ಬಂದಿತು. ಬಾಬ್ ಅವನನ್ನು ಹುಲ್ಲಿನ ಮೇಲೆ ಮಲಗಿಸಿದನು. ಖಾಲಿ ಪಾಲಿಶ್ ಬಾಟಲಿಗಳಿಗೆ ಬಿಸಿನೀರು ತುಂಬಿ ಅರ್ಧ ದಿನ ಶಾಖ ಕೊಟ್ಟನು. ಸಂಜೆ ಮನೆಯವರೆಗೂ ಬಿಡುತ್ತೇನೆಂದು ಹಟ ಹಿಡಿದು ಜೊತೆಗೆ ಹೊರಟನು. ಚಾರ್ಲ್ಸನಿಗೆ ಸಂಕಟಕ್ಕಿಟ್ಟುಕೊಂಡಿತು. ತಂದೆ ಜೈಲಿನಲ್ಲಿರುವುದು ಗೆಳೆಯನಿಗೆ ತಿಳಿದರೆ? ಅವನು ಏನು ಮಾಡಿದ ನೋಡಿ. ಸೇತುವೆಯ ಹತ್ತಿರದ ಯಾರದೋ ಮನೆಯ ಮುಂದೆ ನಿಂತು, ಇದೇ ತನ್ನ ಮನೆ ಎಂದು ಹೇಳಿ ಬಾಬ್‌ನ ಕೈ ಕುಲುಕಿದನು. ಬಾಬ್ ತಿರುಗಿ ನೋಡಬಹುದೆಂದು ಬಾಗಿಲನ್ನೂ ತಟ್ಟಿದನು. ಹೆಂಗಸೊಬ್ಬಳು ಬಾಗಿಲು ತೆರೆದಾಗ, ಬಾಬ್ ಫೇಗಿನ್ ಅವರ ಮನೆ ಇದೇನಾ ಎಂದು ಕೇಳಿದನು!

1824ರ ಮೇ ತಿಂಗಳ ಕೊನೆಗೆ ತಂದೆಗೆ ಬಿಡುಗಡೆಯಾಯಿತು. ಇನ್ನು ಕಾರ್ಖಾನೆ ತಪ್ಪಿತು ಎಂದುಕೊಂಡಿರಾ? ತಪ್ಪಲಿಲ್ಲ. ಕಾರ್ಖಾನೆ ಬೇರೆ ಬೀದಿಗೆ ಹೋಯಿತು. ಅಲ್ಲಿ ಬೆಳಕಿಗಾಗಿ ಹುಡುಗರನ್ನು ಕಿಟಕಿಯ ಬಳಿ ಕೂರಿಸಿದರು. ಚಾರ್ಲ್ಸನ ಕೈ ಎಷ್ಟು ಚುರುಕಾಗಿತ್ತೆಂದರೆ ದಾರಿಹೋಕರು ನಿಂತು ನೋಡುತ್ತಿದ್ದರು. ತಿಂಗಳುಗಳು ಕಳೆದವು. ಕೊನೆಗೆ ಒಂದು ದಿನ ತಂದೆಗೂ ಆ ಸಂಬಂಧಿಕರಿಗೂ ಜಗಳವಾಗಿ ಚಾರ್ಲ್ಸನ ಕೆಲಸ ಹೋಯಿತು. ತಾಯಿ ಮರುದಿನವೇ ಹೋಗಿ ರಾಜಿ ಮಾಡಿಕೊಂಡು ಬಂದರು. ಮಗ ಮತ್ತೆ ಕೆಲಸಕ್ಕೆ ಹೋಗಲಿ ಎಂದರು. ಅವರು ಕೆಟ್ಟವರಾಗಿರಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು, ಆರು ಷಿಲ್ಲಿಂಗ್ ದೊಡ್ಡ ಆಸರೆಯಾಗಿತ್ತು. ಆದರೆ ತಂದೆ ಒಪ್ಪಲಿಲ್ಲ. ಹುಡುಗ ಶಾಲೆಗೆ ಹೋಗಬೇಕು ಎಂದರು. ಚಾರ್ಲ್ಸ್ ಶಾಲೆಗೆ ಹೋದನು. ಬಾಬ್‌ನನ್ನು ಹಾಗೆ ಬಿಡಿಸಿಕೊಂಡು ಹೋಗಲು ಯಾರಿದ್ದರು?

ಮುಂದಿನದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಚಾರ್ಲ್ಸ್ ಹದಿನೈದನೆಯ ವಯಸ್ಸಿನಲ್ಲಿ ವಕೀಲರ ಕಚೇರಿಗೆ ಸೇರಿದರು. ಶೀಘ್ರಲಿಪಿ ಕಲಿತು ಪತ್ರಿಕೆಯ ವರದಿಗಾರರಾದರು. ಇಪ್ಪತ್ತೈದು ತುಂಬುವ ಹೊತ್ತಿಗೆ ಪ್ರಸಿದ್ಧ ಲೇಖಕರಾಗಿದ್ದರು. 1837ರಲ್ಲಿ ‘ಆಲಿವರ್ ಟ್ವಿಸ್ಟ್’ ಕಾದಂಬರಿಯನ್ನು ಕಂತು ಕಂತಾಗಿ ಬರೆಯಲು ತೊಡಗಿದರು. ಅನಾಥ ಹುಡುಗನೊಬ್ಬ ಹಸಿವಿನಲ್ಲಿ ಬೆಳೆದು ಕಳ್ಳರ ಕೈಗೆ ಸಿಗುವ ಕಥೆ ಅದು. ಮಕ್ಕಳಿಗೆ ಕಳ್ಳತನ ಕಲಿಸುವ ಮುದುಕನಿಗೆ ಅವರು ಇಟ್ಟ ಹೆಸರು ಫೇಗಿನ್! ಅಷ್ಟು ಒಳ್ಳೆಯ ಬಾಬ್‌ನ ಹೆಸರನ್ನು ಯಾಕೆ ಇಟ್ಟರೋ!

ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಾಂತರ ಮಕ್ಕಳು ದುಡಿಯುತ್ತಿದ್ದರು. ಕಲ್ಲಿದ್ದಲ ಗಣಿಗಳಲ್ಲಿ ಐದಾರು ವರ್ಷದ ಮಕ್ಕಳೂ ಕತ್ತಲಲ್ಲಿ ಕುಳಿತು, ಬಂಡಿ ಬಂದಾಗ ಬಾಗಿಲು ತೆರೆಯುತ್ತಿದ್ದರು. ಸರ್ಕಾರದ ಆಯೋಗವೊಂದು ಇಂತಹ ಮಕ್ಕಳ ಮಾತುಗಳನ್ನೇ ಕೇಳಿ ವರದಿ ಬರೆಯಿತು. 1842ರಲ್ಲಿ ಕಾನೂನು ಬಂದಿತು. ಹತ್ತು ವರ್ಷದೊಳಗಿನ ಹುಡುಗರೂ ಹೆಣ್ಣುಮಕ್ಕಳೂ ಗಣಿಯೊಳಗೆ ಇಳಿಯಬಾರದೆಂದಾಯಿತು. ಕಾರ್ಖಾನೆಗಳ ಮಕ್ಕಳ ಬಗ್ಗೆ ಮರುವರ್ಷ ಬಂದ ವರದಿಯನ್ನು ಓದಿ ಡಿಕನ್ಸ್ ತತ್ತರಿಸಿದರು. ಮೊದಲು ಒಂದು ಕರಪತ್ರ ಬರೆಯಬೇಕೆಂದಿದ್ದರು. ಆಮೇಲೆ, ಕಥೆಯಾದರೆ ಜನರ ಮನಸ್ಸಿಗೆ ಹೆಚ್ಚು ನಾಟುತ್ತದೆ ಎಂದುಕೊಂಡರು. 1843ರ ಡಿಸೆಂಬರಿನಲ್ಲಿ ‘ಎ ಕ್ರಿಸ್‌ಮಸ್ ಕ್ಯಾರಲ್’ ಎಂಬ ಪುಟ್ಟ ಪುಸ್ತಕ ಹೊರಬಂದಿತು. ಆರು ಸಾವಿರ ಪ್ರತಿಗಳು ಕ್ರಿಸ್‌ಮಸ್ ಹೊತ್ತಿಗೆ ಮುಗಿದುಹೋದವು.

ಇಷ್ಟೆಲ್ಲ ಬರೆದವರು ತಮ್ಮ ಪಾಲಿಶ್ ಕಾರ್ಖಾನೆಯ ವಿಷಯವನ್ನು ಮಾತ್ರ ಮಕ್ಕಳಿಗೂ ಹೇಳಲಿಲ್ಲ. ಜಾನ್ ಫಾರ್ಸ್ಟರ್ ಎಂಬ ಆಪ್ತ ಗೆಳೆಯರಿಗೆ ಬರೆದುಕೊಟ್ಟಿದ್ದರು. 1870ರ ಜೂನ್ 9ರಂದು ಡಿಕನ್ಸ್ ತೀರಿಕೊಂಡರು. ಆಮೇಲೆ ಫಾರ್ಸ್ಟರ್ ಅದನ್ನು ಪ್ರಕಟಿಸಿದಾಗಲೇ ಜನರಿಗೆ ಗೊತ್ತಾಯಿತು. ದೊಡ್ಡವರಾದ ಮೇಲೂ ಎಷ್ಟೋ ವರ್ಷ ಡಿಕನ್ಸರಿಗೆ ಆ ನದಿಯ ದಡಕ್ಕೆ ಹೋಗುವ ಧೈರ್ಯ ಬರಲಿಲ್ಲ. ಇನ್ನೊಂದು ಪಾಲಿಶ್ ಕಾರ್ಖಾನೆಯ ಹತ್ತಿರ ಬಂದರೆ ಪಾಲಿಶ್ ಬಾಟಲಿಯ ಬಿರಡೆಗೆ ಹಚ್ಚುವ ಅರಗಿನ ವಾಸನೆ ತಪ್ಪಿಸಲು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಹಿರಿಯ ಮಗ ಮಾತು ಕಲಿತ ಮೇಲೂ, ತಾವು ಹುಡುಗನಾಗಿದ್ದಾಗ ಮನೆಗೆ ಹಿಂದಿರುಗುತ್ತಿದ್ದ ಆ ದಾರಿಯಲ್ಲಿ ಹೋದರೆ ಅವರ ಕಣ್ಣು ತುಂಬಿಬರುತ್ತಿತ್ತು.